ಮೂರನೇ ನೀರು

ನಮ್ಮ ಬೀದಿಗೆ ಅಡ್ಡಲಾಗಿ ಬಿದಿರು ಕಟ್ಟಿದ ದಿನ ನಾನು ಮುನಿಸಿಪಾಲಿಟಿಯವರ ಜೊತೆ ಜಗಳವಾಡಿದೆ. ಜಗಳ ನನಗೆ ಹೊಸದೇನಲ್ಲ. ಕೋಪ ನಿನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾನೆ; ಅವನು ಹೇಳುವುದರಲ್ಲಿ ನಾನು ಒಪ್ಪುವ ಮಾತು ಅದೊಂದೇ. ತಮಿಳುನಾಡಿನ ಸೇಲಂ ಕಡೆಯ ಎಡಪ್ಪಾಡಿಯಲ್ಲಿ ನಮ್ಮದು ಮಗ್ಗದವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೊರೊನಾ ಎರಡನೇ ಸಲ ಬಂದಾಗ ನಮ್ಮ ಬೀದಿಯಲ್ಲಿ ಅದು ಮೊದಲು ಹೊಕ್ಕಿದ್ದು ನಮ್ಮ ಮನೆಗೇ, ನನಗೆ ಮತ್ತು ನನ್ನ ಅವ್ವನಿಗೆ. ಗಂಡ ಮಗಳನ್ನು ಕರೆದುಕೊಂಡು ಮೆಟ್ಟೂರು ಕಡೆಯ ಅಕ್ಕನ ಮನೆಗೆ ಹೋಗಿದ್ದವನು ಅಲ್ಲೇ ಉಳಿದ. ಬರಬೇಡ ಎಂದು ನಾನೇ ಹೇಳಿದೆ.

ಬಿದಿರು ಕಟ್ಟಿಸಲು ಬಂದ ಸೂಪರ್‌ವೈಸರ್ ತಮಿಳಿನವನು. ದಪ್ಪ ಮೈ, ಅದಕ್ಕಿಂತ ದಪ್ಪ ಗಂಟಲು. ಅವನು ನಮ್ಮ ಬಾಗಿಲಿಗೆ ಹಳದಿ ಕಾಗದ ಅಂಟಿಸುವಾಗ ನಾನು ಕಿಟಕಿಯಿಂದ ಕೂಗಿದೆ: "ನಾವೇನು ಕಳ್ಳತನ ಮಾಡಿದ್ದೀವಾ? ಊರಿಗೆಲ್ಲ ತೋರಿಸೋಕೆ ಕಾಗದ ಬೇರೆ ಕೇಡು!" ಅವನು ತಿರುಗಿ ನೋಡದೆ ಅಂಟು ಬಳಿಯುತ್ತಲೇ, "ಏಮ್ಮಾ, ನಾನ್ ಎನ್ನಮ್ಮಾ ಪಣ್ಣಟ್ಟುಂ?" ಎಂದ. ನಾನೇನು ಮಾಡಲಿ ತಾಯಿ, ಮೇಲಿನವರು ಹೇಳಿದ್ದನ್ನು ಮಾಡುತ್ತೇನೆ ಎಂಬ ಹಳೆಯ ರಾಗ. ಆದರೆ ಅದೇ ಮನುಷ್ಯ ಸಂಜೆ ಹಾಲು, ತರಕಾರಿ, ರೇಷನ್ ಅಂಗಡಿಯ ಅಕ್ಕಿಯ ಚೀಲವನ್ನು ಬಿದಿರಿನಾಚೆಯಿಂದ ಕಳಿಸಿಕೊಟ್ಟ. ಬೈದ ಬಾಯಲ್ಲೇ ಅಕ್ಕಿ ಇಳಿಸಿಕೊಳ್ಳುವ ಕಷ್ಟ ಬೈದವರಿಗೇ ಗೊತ್ತು.

ಮರುದಿನದಿಂದ ಬೀದಿಯಲ್ಲಿ ಮುನಿಸಿಪಾಲಿಟಿಯ ಸದ್ದೇ ಸದ್ದು. ಆಟೋದ ಮೇಲೆ ಮೈಕ್ ಕಟ್ಟಿಕೊಂಡು ಬಂದು, ಕಾಯಿಲೆಯಿದ್ದವರು ಮನೆಯೊಳಗೇ ಇರಬೇಕು, ಬೇರೆ ಕೋಣೆಯಲ್ಲಿ ಮಲಗಬೇಕು, ಹೊರಗಿನವರನ್ನು ಸೇರಿಸಬಾರದು ಎಂದು ತಮಿಳಿನಲ್ಲಿ ಹೇಳುತ್ತಿದ್ದರು. ಒಬ್ಬಳು ಕಬಸುರ ಕುಡಿನೀರು ಎಂಬ ಕಹಿ ಕಷಾಯವನ್ನು ದೊಡ್ಡ ಪಾತ್ರೆಯಲ್ಲಿ ತಂದು ಮನೆಮನೆಯ ಕಟ್ಟೆಯ ಮೇಲೆ ಲೋಟಕ್ಕೆ ಹಾಕಿ ಹೋಗುತ್ತಿದ್ದಳು. ಅವಳ ಹಿಂದೆಯೇ ಟ್ಯಾಂಕಿನ ಗಾಡಿ. ಬೇವಿನ ಸೊಪ್ಪು, ಅರಿಶಿನ ಕಲಸಿದ ನೀರನ್ನು ಗೋಡೆಗೆ, ಬಾಗಿಲಿಗೆ, ಚರಂಡಿಗೆ ಎರಚಿಕೊಂಡು ಬರುತ್ತಿತ್ತು. ಇದನ್ನೆಲ್ಲ ಅವ್ವ ಕಿಟಕಿಯ ಸಂದಿಯಿಂದ ನೋಡಿದಳು. ನೋಡಿ ಒಂದು ತೀರ್ಮಾನಕ್ಕೆ ಬಂದಳು.

"ಲೇ ಮಗ, ಇದು ಅಮ್ಮ ಕಣೆ," ಎಂದಳು.

ನಮ್ಮ ಕಡೆ ಸಿಡುಬಿನಂಥದ್ದು ಬಂದರೆ ಕಾಯಿಲೆ ಎನ್ನುವುದಿಲ್ಲ, ಮಾರಮ್ಮ ತಾಯಿಯೇ ಮನೆಗೆ ಬಂದಿದ್ದಾಳೆ ಎನ್ನುತ್ತೇವೆ. ಬಾಗಿಲಿಗೆ ಬೇವು ಕಟ್ಟುತ್ತೇವೆ. ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಒಳಗೆ ಬರುವುದಿಲ್ಲ, ಒಳಗಿನವರು ಹೊರಗೆ ಹೋಗುವುದಿಲ್ಲ. ಬೇವು ಅರಿಶಿನ ಹಾಕಿ ಬಿಸಿಲಿಗಿಟ್ಟ ನೀರನ್ನು ಬಿಟ್ಟು ಬಿಟ್ಟು ಮೂರು ಸಲ ತಲೆಗೆ ಹೊಯ್ಯುತ್ತೇವೆ. ಮೂರನೇ ನೀರಿಗೆ ಅಮ್ಮ ಇಳಿದಳು, ತನ್ನ ದಾರಿ ಹಿಡಿದಳು ಎಂದು ಲೆಕ್ಕ. ಅಲ್ಲಿಯ ತನಕ ಹೊಸ್ತಿಲು ದಾಟುವ ಹಾಗಿಲ್ಲ.

"ಇದು ಅಮ್ಮ ಅಲ್ಲವ್ವ, ಕೊರೊನಾ. ಮೈಮೇಲೆ ಒಂದು ಬೊಕ್ಕೆ ಐತಾ? ತೋರ್ಸು," ಎಂದೆ.

"ಕೆಲವು ಅಮ್ಮ ಒಳಗೇ ಆಡ್ತಾಳೆ. ಆಚೆ ಕಾಣಾಕಿಲ್ಲ."

"ನಿಂಗ್ಯಾರು ಹೇಳಿದ್ದು?"

"ನಿನ್ ಮುನಿಸಿಪಾಲ್ಟಿಯೋರೇ ಏಳ್ತಾವ್ರಲ್ಲ! ಒಳಗೇ ಇರು ಅಂದ್ರು. ಯಾರ್ನೂ ಸೇರಿಸ್ಬ್ಯಾಡ ಅಂದ್ರು. ಕಯ್ಯಿ ಕಸಾಯ ಕುಡಿ ಅಂದ್ರು. ಬಾಗ್ಲಿಗೆ ಗುರ್ತು ಆಕಿದ್ರು. ಬೇವು ಅರಿಸ್ಣ ಎರಚಿದ್ರು. ಅಮ್ಮ ಬಂದ್ರೆ ನಾವ್ ಮಾಡೋದೂ ಅದೇ ಅಲ್ವಾ? ಗೌರ್ಮೆಂಟ್‌ಗೆ ಗೊತ್ತೈತೆ, ನಿಂಗ್ ಗೊತ್ತಿಲ್ಲ, ಓಗು."

ಯಾವ ಆಫೀಸಿನಲ್ಲೂ ಸೋಲದ ನನ್ನ ನಾಲಗೆ ಈ ಹೆಂಗಸಿನ ಮುಂದೆ ಮಾತ್ರ ಸೋಲುತ್ತಿತ್ತು. ಬಾಗಿಲ ಹಳದಿ ಕಾಗದದಲ್ಲಿ ಬರೆದಿದ್ದನ್ನೆಲ್ಲ ಅವಳು ಅಕ್ಷರ ಬಾರದೆಯೇ ಪಾಲಿಸುತ್ತಿದ್ದಳು. ಅವಳಷ್ಟು ಚೆನ್ನಾಗಿ ಮುನಿಸಿಪಾಲಿಟಿಯ ಮಾತು ಕೇಳಿದವರು ಇಡೀ ಎಡಪ್ಪಾಡಿಯಲ್ಲಿ ಇರಲಿಲ್ಲವೇನೋ. ತಾನೇ ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕದ ಹಾಕಿಕೊಂಡಳು. ನಾನು ನಡುಮನೆಯಲ್ಲಿ ಜ್ವರದಲ್ಲಿ ಬಿದ್ದಿದ್ದೆ. ನಮ್ಮಿಬ್ಬರ ನಡುವೆ ಒಂದು ಕದ ಅಷ್ಟೇ. ನಾನು ಬೇಯಿಸಿದ ರಾಗಿ ಗಂಜಿಯನ್ನು ಕದದ ಹತ್ತಿರ ಇಟ್ಟು ಸರಿದರೆ ಅವಳು ತೆಗೆದುಕೊಳ್ಳುತ್ತಿದ್ದಳು.

ಅಮ್ಮನ ವಿಷಯದಲ್ಲಿ ಇನ್ನೊಂದು ಕಟ್ಟಳೆಯಿದೆ. ಬಂದ ತಾಯಿಯನ್ನು ದೂರಬಾರದು. ಜ್ವರ ಎನ್ನಬಾರದು, ನೋವು ಎನ್ನಬಾರದು, ಉರಿ ಎನ್ನಬಾರದು. ಎಷ್ಟೇ ಸಂಕಟವಾದರೂ "ಆಡ್ತಾವ್ಳೆ" ಎನ್ನಬೇಕು. ಹೇಗಿದ್ದೀಯ ಎಂದರೆ "ತಣ್ಣಗಿದ್ದೀನಿ" ಎನ್ನಬೇಕು. ತಾಳಲಾರೆ ಎಂದರೆ ತಾಯಿ ಮುನಿದು ಎದ್ದು ಹೋಗಿ ಪಕ್ಕದ ಮನೆಯ ಕೂಸಿನ ಮೇಲೆ ಕೂರುತ್ತಾಳೆ. ನಾನು ಚಿಕ್ಕವಳಿದ್ದಾಗ ಅಮ್ಮ ಬಂದು ಮೈತುಂಬ ಬೊಕ್ಕೆಯೆದ್ದು, "ಉರೀತೈತೆ ಉರೀತೈತೆ" ಎಂದು ಕಿರುಚಿದ್ದೆ. ಅವ್ವ ಅಂಗೈಯಿಂದ ನನ್ನ ಬಾಯಿ ಮುಚ್ಚಿ ಸೂರಿನ ಕಡೆ ನೋಡಿಕೊಂಡು, "ಅರೀದ ಮಗ ತಾಯಿ, ಒಟ್ಟೆಗಾಕ್ಕೊ," ಎಂದು ಬೇಡಿಕೊಂಡಿದ್ದಳು. ಆ ಕೈ ಬಲವಾದ ಕೈ. ವರ್ಷಗಟ್ಟಲೆ ಕಂಡಿಕೆ ಸುತ್ತಿ, ಅಂದರೆ ಲಾಳಿಯೊಳಗಿನ ಪುಟ್ಟ ನಳಿಕೆಗೆ ನೂಲು ಸುತ್ತಿ ಸುತ್ತಿ, ಬೆರಳು ಕಬ್ಬಿಣದಂತಾಗಿದ್ದವು.

ದಿನಾ ಬೆಳಿಗ್ಗೆ ಮುನಿಸಿಪಾಲಿಟಿಯಿಂದ ಒಬ್ಬ ಹುಡುಗಿ ಅವ್ವನ ಬಟನ್ ಫೋನಿಗೆ ಕರೆ ಮಾಡುತ್ತಿದ್ದಳು. ಮನೆಯಲ್ಲೇ ಇರುವ ರೋಗಿಗಳನ್ನು ವಿಚಾರಿಸುವುದು ಅವಳ ಕೆಲಸ. ಪಾಪ, ಒಳ್ಳೆಯ ಹುಡುಗಿ, ಸಕ್ಕರೆಯಂಥ ದನಿ. ಅವ್ವನಿಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಳ್ಳುತ್ತಿದ್ದಳು. ಕದದಾಚೆ ನನಗೂ ಕೇಳಿಸುತ್ತಿತ್ತು.

"ಪಾಟಿ, ಮೂಚ್ಚು ತಿಣರುದಾ?" ಉಸಿರು ಕಟ್ಟುತ್ತದಾ ಅಜ್ಜಿ ಎಂದು ಕೇಳುವಳು.

"ಇಲ್ಲೆ ಕಣ್ಣು. ಕುಳುಕುಳುನ್ನು ಇರುಕ್ಕೇನ್." ಇಲ್ಲ ಕಂದ, ತಣ್ಣಗಿದ್ದೀನಿ.

"ನೆಂಜು ವಲಿ?" ಎದೆನೋವು?

"ಅದೆಲ್ಲಾಂ ಇಲ್ಲೆ. ನೀ ಸಾಪ್ಟಿಯಾ?" ನೀನು ಊಟ ಮಾಡಿದೆಯಾ?

ಹುಡುಗಿ ನಗುತ್ತ ಫೋನ್ ಇಡುತ್ತಿದ್ದಳು. ಎಲ್ಲಕ್ಕೂ "ಇಲ್ಲ" ಎಂದು ಗುರುತು ಹಾಕಿಕೊಳ್ಳುತ್ತಿದ್ದಳೇನೋ. ಅವಳದೇನು ತಪ್ಪು? ಕೇಳಬೇಕಾದ್ದನ್ನೆಲ್ಲ ಕೇಳಿದಳು. ನಾನೂ ಕೇಳುತ್ತಿದ್ದೆ. "ಹೆಂಗಿದ್ದೀಯವ್ವ?" ಎಂದು ಕದ ತಟ್ಟಿದರೆ, "ತಣ್ಣಗವ್ಳೆ ತಾಯಿ. ನೀನ್ ಮಲಿಕ್ಕೊ," ಎನ್ನುವಳು. ಅವ್ವ ಆರಾಮವಾಗಿಯೇ ಇದ್ದಾಳೆ, ನನಗೇ ಕಾಯಿಲೆ ಜಾಸ್ತಿ ಎಂದುಕೊಂಡಿದ್ದೆ. ಏಕೆಂದರೆ ಮೊದಲು ಮೊದಲು ಅವಳು ಕದದಾಚೆಯಿಂದ ಒಂದೇ ಸಮನೆ ಮಾತಾಡುತ್ತಿದ್ದಳು. ಅವ್ವನಿಗೆ ಮಾತೇ ಊಟ. ಗಂಜಿಗೆ ಉಪ್ಪು ಕಮ್ಮಿ, ಎದುರು ಮನೆಯವಳು ಕಸ ನಮ್ಮ ಕಡೆಗೇ ಗುಡಿಸುತ್ತಾಳೆ, ನನ್ನ ಗಂಡ ಅಕ್ಕನ ಮನೆಯಲ್ಲಿ ಕೂತು ತಿಂದು ಊದಿರುತ್ತಾನೆ. ನಾನು ಮಲಗಿದಲ್ಲಿಂದಲೇ ನಗುತ್ತಿದ್ದೆ.

ಆಮೇಲೆ ಮಾತು ಗಿಡ್ಡವಾಗುತ್ತ ಬಂತು. ಎದುರು ಮನೆಯವಳ ವಿಷಯ ಅರ್ಧಕ್ಕೇ ನಿಂತಿತು. ಅಳಿಯನ ಸುದ್ದಿ ಬಂದೇ ಇಲ್ಲ. ಒಂದು ಬೆಳಿಗ್ಗೆ ಹುಡುಗಿಯ ಫೋನ್ ಬಂದಾಗ ಅವ್ವ "ಕುಳು" ಎಂದಳು. ತುಸು ತಡೆದು ಇನ್ನೊಂದು "ಕುಳು" ಎಂದಳು. ಊಟ ಮಾಡಿದೆಯಾ ಎಂದು ಆ ಹುಡುಗಿಯನ್ನು ಕೇಳಲಿಲ್ಲ.

ಊಟ ಮಾಡಿದೆಯಾ ಎಂದು ಕೇಳದ ಅವ್ವನನ್ನು ನಾನು ಕಂಡೇ ಇರಲಿಲ್ಲ. ಎದ್ದು ಹೋಗಿ ಕದ ನೂಕಿದೆ. ಅವಳು ಚಾಪೆಯ ಮೇಲಿರಲಿಲ್ಲ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯ ಅಂಚಿನಲ್ಲಿ ಕುಳಿತು, ಎರಡೂ ಕೈಯಲ್ಲಿ ಮಗ್ಗದ ಮರ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದಳು. ಒಂದೊಂದು ಉಸಿರಿಗೂ ಭುಜ ಏಳುತ್ತಿತ್ತು, ಬೀಳುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ನನ್ನನ್ನು ಕಂಡು ನಗಲು ನೋಡಿದಳು.

"ಆಡ್ತಾವ್ಳೆ ಮಗ," ಎಂದಳು. "ವಸಿ ಜೋರಾಗಿ ಆಡ್ತಾವ್ಳೆ."

ಅಯ್ಯೋ ಶಿವನೇ! ಆ ಮಾತಿಗೆ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ಯಾವ ತಾಯಿ ಅವಳು, ಮಕ್ಳ ಉಸ್ರು ಕಿತ್ಕೊಂಡು ಆಡೋಳು?" ಎಂದು ಕೂಗಿದೆ. ಅವ್ವ ಗಾಬರಿಯಾಗಿ ಮಗ್ಗದ ಮರ ಬಿಟ್ಟು ನನ್ನ ಬಾಯಿ ಮುಚ್ಚಲು ಕೈ ಎತ್ತಿದಳು. ಕೈ ಅರ್ಧಕ್ಕೆ ಏರಿ ಬಿದ್ದುಹೋಯಿತು.

ಹುಡುಗಿಯ ನಂಬರಿಗೆ ಫೋನ್ ಮಾಡಿ ಅರಚಿದೆ. ಏನು ಅರಚಿದೆನೋ, ತಮಿಳೋ ಕನ್ನಡವೋ ನನಗೇ ಗೊತ್ತಿಲ್ಲ. ಅವಳಿಗೆ ಅರ್ಥವಾಯಿತು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಸೂಪರ್‌ವೈಸರ್ ಬಿದಿರು ಬಿಚ್ಚಿಸಿದ. ಅವನ ಜೊತೆ ಒಬ್ಬ ನರ್ಸ್ ಬಂದಿದ್ದಳು. ಅವ್ವನ ಬೆರಳಿಗೆ ಸಿಕ್ಕಿಸಿದ ಸಣ್ಣ ಯಂತ್ರ ನೋಡಿದಳು, ಬೆರಳು ಬದಲಿಸಿ ಮತ್ತೆ ನೋಡಿದಳು, ಸೂಪರ್‌ವೈಸರ್ ಕಡೆ ತಿರುಗಿ ಸರಿಯಿಲ್ಲ ಎಂದು ತಲೆ ಆಡಿಸಿದಳು. ಆಂಬುಲೆನ್ಸ್ ಬೀದಿಯ ತುದಿಗೆ ಬಂದು ನಿಂತಿತು. ಸೇಲಂನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆಗೆ ಹೇಳಿಟ್ಟಿದ್ದೇವೆ, ಬೇಗ ಹೊರಡಿಸಿ ಎಂದರು.

ಅವ್ವ ನಡೆದು ಬಂದಳು. ಎತ್ತಿಕೊಳ್ಳಲು ಬಿಡಲಿಲ್ಲ. ಹೊಸ್ತಿಲ ತನಕ ಬಂದು ಅಲ್ಲೇ ಕೂತುಬಿಟ್ಟಳು.

"ಮೂರ್ನೇ ನೀರು ಆಗಿಲ್ಲ," ಎಂದಳು. ಮೊದಲನೆಯದು, ಎರಡನೆಯದು ತಾನೇ ಹಿತ್ತಲಿನಲ್ಲಿ ಹೊಯ್ದುಕೊಂಡಿದ್ದಳು. ಮೂರನೆಯದಕ್ಕೆ ನೀರು ಹಿಡಿದು ಬಿಸಿಲಿಗಿಡುವ ಶಕ್ತಿ ಅವಳಿಗಿರಲಿಲ್ಲ.

"ಅವ್ವ, ನಿನ್ ಕಾಲಿಗ್ ಬೀಳ್ತೀನಿ, ಏಳು. ನಲ್ಲಿ ನೀರು ಉಯ್ತೀನಿ, ಈಗ್ಲೇ ಉಯ್ತೀನಿ."

"ತಣ್ಣೀರು ಆಗಾಕಿಲ್ಲ. ಬಿಸ್ಲಲ್ಲಿ ಕಾಯ್ಬೇಕು. ಬೇವು ಇರ್ಬೇಕು." ಒಂದೊಂದು ಮಾತಿಗೂ ಒಂದು ಉಸಿರು ಬೇಕಾಗುತ್ತಿತ್ತು. "ಒಳ್ಗವ್ಳೆ ತಾಯಿ. ಇಂಗೇ ದಾಟಿದ್ರೆ... ಬೀದಿ ತುಂಬ ಮಕ್ಳವ್ರೆ ಮಗ."

ನರ್ಸ್ ಗಡಿಯಾರ ನೋಡಿಕೊಂಡಳು. ಎದುರು ಮನೆಯ ಕಿಟಕಿಯಲ್ಲಿ ಆ ಕಸ ಗುಡಿಸುವವಳ ಮೊಮ್ಮಗು ಸರಳು ಹಿಡಿದುಕೊಂಡು ನಮ್ಮನ್ನೇ ನೋಡುತ್ತಿತ್ತು. ಅವ್ವ ಅದರ ಕಡೆ ನೋಡುತ್ತಿದ್ದಳು. ಅವಳು ಮೊಂಡುತನ ಮಾಡುತ್ತಿರಲಿಲ್ಲ. ತನ್ನ ಜೀವ ಹೋದರೂ ಆ ಮಗುವಿಗೆ ಏನೂ ಆಗಬಾರದು ಎಂದು ಕೂತಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬೈಯಲಾಗಲಿಲ್ಲ, ಎಳೆಯಲೂ ಆಗಲಿಲ್ಲ.

ಸೂಪರ್‌ವೈಸರ್ ಮೊದಲು ಅವನ ಗಂಟಲಿಗೆ ತಕ್ಕಂತೆ ಗದರಿದ. ಕಾಲ ಎಲ್ಲಿಗೆ ಬಂತು, ಇನ್ನೂ ನೀರಂತೆ, ಅಮ್ಮನಂತೆ, ಜೀವ ದೊಡ್ಡದಾ ಶಾಸ್ತ್ರ ದೊಡ್ಡದಾ ಎಂದ. ಅವ್ವ ಕಣ್ಣೆತ್ತಿ ಅವನನ್ನು ನೋಡಿದಳು ಅಷ್ಟೇ. ಅವನ ದನಿ ಇಳಿಯಿತು. ಮಾಸ್ಕ್ ಸರಿಮಾಡಿಕೊಂಡ. "ಎಂಗ ವೀಟ್ಲೆಯುಂ ಇದೇದಾನ್ ಪಾಟಿ," ಎಂದ. ನಮ್ಮ ಮನೆಯಲ್ಲೂ ಇದೇ ಕಟ್ಟಳೆ ಅಜ್ಜಿ. ಆಮೇಲೆ ಹಿಂದಕ್ಕೆ ತಿರುಗಿ, ಬೀದಿಯಲ್ಲಿ ನಿಂತಿದ್ದ ಟ್ಯಾಂಕಿನ ಗಾಡಿಯವನಿಗೆ, "ಡೇಯ್, ವಂಡಿಯೆ ಇಂಗೆ ಕೊಂಡಾ!" ಎಂದು ಕೂಗಿದ.

ಗಾಡಿ ನಮ್ಮ ಬಾಗಿಲಿಗೆ ಬಂತು. ಸೂಪರ್‌ವೈಸರ್ ಟ್ಯಾಂಕಿಗೆ ಕೈಯಿಂದ ಬಡಿದ. ಇದರಲ್ಲಿ ಏನಿದೆ ಪಾಟಿ? ಬೇವು ಇದೆ, ಅರಿಶಿನ ಇದೆ. ಬೆಳಿಗ್ಗೆಯಿಂದ ಊರೆಲ್ಲ ಬಿಸಿಲಲ್ಲಿ ಸುತ್ತಿದೆ, ನೋಡು, ತಗಡು ಮುಟ್ಟಿದರೆ ಕೈ ಸುಡುತ್ತದೆ. ಇದಕ್ಕಿಂತ ಬೇರೆ ಮೂರನೇ ನೀರು ಬೇಕಾ ಎಂದ.

ಅವ್ವ ಯೋಚಿಸಿದಳು. ಆ ಹೊತ್ತಿನಲ್ಲೂ ಯೋಚಿಸಿದಳು, ಮಹರಾಯ್ತಿ. "ಬ್ಲೀಚಿಂಗ್ ಆಕಿಲ್ಲ ತಾನೇ? ಮೂಸಿ ನೋಡ್ಲೇ," ಎಂದು ನನಗೆ ಹೇಳಿದಳು.

ನಾನು ಮೂಸಿ ಏನು ಮಾಡಲಿ? ವಾಸನೆ ನನಗೂ ಹೋಗಿತ್ತು, ಅವಳಿಗೂ ಹೋಗಿತ್ತು. ತಾಯಿ ಮಗಳು ಇಬ್ಬರೂ ಪೆದ್ದರ ಹಾಗೆ ಮುಖ ಮುಖ ನೋಡಿಕೊಂಡೆವು. ಸೂಪರ್‌ವೈಸರ್ ಚೊಂಬಿಗೆ ನೀರು ಹಿಡಿದು, ಕೈಗವಸು ಕಿತ್ತು ಬೆರಳು ಅದ್ದಿ, ಮಾಸ್ಕ್ ಎತ್ತಿ ನಾಲಗೆಗೆ ಹಚ್ಚಿಕೊಂಡ. ನರ್ಸ್ "ಸಾರ್!" ಎಂದು ಕಿರುಚಿದಳು. "ಕಸಪ್ಪು," ಎಂದ ಅವನು, ಕಹಿ ಎಂದು ಮುಖ ಕಿವುಚಿಕೊಂಡು. ಅವ್ವ ಸಮಾಧಾನವಾಗಿ ತಲೆ ಬಗ್ಗಿಸಿದಳು.

ನಾನೇ ಹೊಯ್ದೆ. ಒಂದೇ ಚೊಂಬು, ನೆತ್ತಿಗೆ, ಮೆಲ್ಲಗೆ. ಹಳದಿ ನೀರು ಅವಳ ಬಿಳಿ ಕೂದಲಿನಿಂದ ಇಳಿದು ಕಿವಿಯ ಹಿಂದೆ ಹರಿದು ಹೊಸ್ತಿಲಿನಾಚೆಗೆ ಹೋಯಿತು. ಅವ್ವ ಕಣ್ಣುಮುಚ್ಚಿ, "ಓಗಿ ಬಾ ತಾಯಿ, ತಣ್ಣಗೆ ಓಗು, ಯಾರ್ ಮನೇಗೂ ಓಗ್ಬ್ಯಾಡ," ಎಂದಳು. ನನ್ನ ಸೆರಗಿನಿಂದಲೇ ತಲೆ ಒರೆಸಿದೆ. ಆಮೇಲೆ ಅವಳು ತಾನಾಗಿಯೇ ಕೈ ಚಾಚಿದಳು. ಆಂಬುಲೆನ್ಸಿನವರು ಎತ್ತಿಕೊಂಡು ಹೋದರು. ನನ್ನನ್ನು ಬಿಡಲಿಲ್ಲ, ನನಗೂ ಕಾಯಿಲೆಯಿತ್ತಲ್ಲ. ಸೂಪರ್‌ವೈಸರ್ ಅವರ ಹಿಂದೆ ಬೀದಿಯ ತುದಿಯವರೆಗೆ ನಡೆದುಹೋಗಿ ಬಂದು ಮತ್ತೆ ಬಿದಿರು ಕಟ್ಟಿಸಿದ. ಆ ದಿನ ನಾನು ಜಗಳವಾಡಲಿಲ್ಲ.

ಅವ್ವ ತಿರುಗಿ ಬರಲಿಲ್ಲ. ಸೇಲಂನಲ್ಲೇ ಸುಟ್ಟರು. ನನಗೆ ಫೋನಿನಲ್ಲಿ ತೋರಿಸಿದರು, ಕಟ್ಟಿದ ಮೂಟೆಯನ್ನು. ಅದರೊಳಗೆ ಅವಳಿದ್ದಾಳೆ ಎಂದು ಹೇಳಿದರು, ನಂಬಿದೆ. ಬೀದಿಯ ಮಕ್ಕಳಿಗೆ ಯಾರಿಗೂ ಏನೂ ಆಗಲಿಲ್ಲ. ಅವ್ವನಿದ್ದಿದ್ದರೆ, "ನೋಡ್ದಾ?" ಎನ್ನುತ್ತಿದ್ದಳು. ಒಂದು ದಿನ ಮೊದಲೇ ಹೋಗಿದ್ದರೆ ಉಳಿಯುತ್ತಿದ್ದಳಾ ಎಂದು ಆಮೇಲೆ ನರ್ಸನ್ನು ಕೇಳಿದೆ. ಹೇಳಲಾಗುವುದಿಲ್ಲ ಅಕ್ಕ ಎಂದಳು. ಆ ಮಾತನ್ನು ನಾನು ಈಗಲೂ ಎಷ್ಟೋ ಸಲ ಮಗುಚಿ ಹಾಕಿ ನೋಡುತ್ತೇನೆ. ಯಾವ ಕಡೆಯಿಂದ ನೋಡಿದರೂ ಸಂಕಟವೇ.

ಆದರೆ ಹೋಗುವ ಮುಂಚೆ ಅವ್ವ ಒಂದು ಸಲ ಫೋನ್ ಮಾಡಿದ್ದಳು. ಆಸ್ಪತ್ರೆಗೆ ಸೇರಿದ ಮರುದಿನ ಬೆಳಿಗ್ಗೆ, ಅದೇ ಬಟನ್ ಫೋನಿನಿಂದ. ಹಿಂದೆ ಯಾವುದೋ ಯಂತ್ರ ಕುಂಯ್ ಕುಂಯ್ ಎನ್ನುತ್ತಿತ್ತು. "ಅವ್ವ, ಹೆಂಗಿದ್ದೀಯ?" ಎಂದೆ. ತಣ್ಣಗಿದ್ದೀನಿ ಎನ್ನುತ್ತಾಳೆ ಎಂದು ಕಾದೆ.

"ಆಗ್ತಿಲ್ಲ ಮಗ," ಎಂದಳು.

ಮೂರನೇ ನೀರು ಬಿದ್ದಿತ್ತು. ತಾಯಿ ಇಳಿದು ಹೋಗಿದ್ದಳು. ಇನ್ನು ದೂರಬಹುದಿತ್ತು.

"ಎದೆ ಮ್ಯಾಲೆ ಕಲ್ಲು ಏರ್ದಂಗೈತೆ. ಗಂಟ್ಲು ಒಣಗೈತೆ, ನೀರ್ ಕೊಡಾಕಿಲ್ಲ ಇವ್ರು. ಆ ಮೂತಿಗ್ ಕಟ್ಟಿರೋದು ಚರ್ಮ ತಿಂತೈತೆ. ಮನೇಲಿದ್ದಾಗ್ಲೂ ಅಂಗೇ ಇತ್ತು ಮಗ. ಮಲಗಾಕ್ಕೇ ಆಗ್ತಿರ್ಲಿಲ್ಲ. ಕೂತೇ ಇದ್ದೆ. ನೀನ್ ಗಂಜಿ ಇಟ್ಟು ಓಯ್ತಿದ್ದೆ, ಬಗ್ಗಿ ತಗೊಳ್ಳಾಕ್ಕೇ ಉಸ್ರು ಇರ್ಲಿಲ್ಲ. ಬೋ ಸಂಕ್ಟ ಆಯ್ತು ಮಗ. ಬೋ ಸಂಕ್ಟ."

ನಡುನಡುವೆ ನಿಲ್ಲುತ್ತಿದ್ದಳು, ಉಸಿರು ಎಳೆದುಕೊಳ್ಳುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ನನ್ನ ಜನ್ಮದಲ್ಲಿ ಅವಳ ಬಾಯಿಂದ ನೋವು ಎಂಬ ಮಾತು ಕೇಳಿರಲಿಲ್ಲ. ಈಗ ಬೆನ್ನು, ಮಂಡಿ, ಸುತ್ತಿ ಸುತ್ತಿ ಸವೆದ ಬೆರಳು, ಅಪ್ಪ ಹೋದ ವರ್ಷದಿಂದ ಬರುತ್ತಿದ್ದ ತಲೆನೋವು, ಎಲ್ಲವನ್ನೂ ಹೇಳಿದಳು. ನಾನು ಮಗ್ಗದ ಕೋಣೆಯಲ್ಲಿ ಅವಳ ಚಾಪೆಯ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದೆ. ಅತ್ತರೆ ಅವಳು ನಿಲ್ಲಿಸಿಬಿಡುತ್ತಾಳೆ ಎಂದು ಅಳಲಿಲ್ಲ.

"ಹೇಳವ್ವ," ಎಂದೆ. "ಇನ್ನೂ ಹೇಳು."

"ಉಸ್ರು ಸಾಲ್ತಿಲ್ಲ ಮಗ," ಎಂದಳು. "ಇನ್ನೂ ಬೋ ಐತೆ. ನಾಳೀಕೆ ಏಳ್ತೀನಿ."